ಮನೆಯಲ್ಲೇ ನೂಲಿಗೆ ಗಿಡಮೂಲದ ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಬೇರೆ ಹೇಳದಿದ್ದರೆ ಎಲ್ಲ ಅಳತೆಯೂ 100 ಗ್ರಾಂ ಒಣ ನೂಲಿಗೆ. ನೂಲು ಒದ್ದೆಯಾಗುವ ಮುಂಚೆಯೇ ತೂಗಿ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಆ ತೂಕದ ಮೇಲೇ ನಿಂತಿದೆ.

## ಶುರು ಮಾಡುವ ಮುನ್ನ

ಅಡುಗೆ ಪಾತ್ರೆಯಲ್ಲೇ ಮಾಡಬಹುದಾ? ಏನೇನು ಸಾಮಾನು ಬೇಕು?

ಅಡುಗೆ ಪಾತ್ರೆ ಬೇಡ. 6–8 ಲೀಟರಿನ ಸ್ಟೀಲ್ ಪಾತ್ರೆಯೊಂದನ್ನು ಇದಕ್ಕೆಂದೇ ತೆಗೆದಿಡಿ. ಮತ್ತೆ ಅದರಲ್ಲಿ ಅಡುಗೆ ಮಾಡಬಾರದು. ಅಲ್ಯೂಮಿನಿಯಂ ಪಾತ್ರೆ ಹುಳಿಗೂ ಸೋಡಾಕ್ಕೂ ಕರಗಿ ಬಣ್ಣ ಬದಲಿಸುತ್ತದೆ. ಕಬ್ಬಿಣದ ಬಾಂಡ್ಲಿ ಎಲ್ಲವನ್ನೂ ಮಂಕು ಮಾಡುತ್ತದೆ. ಗ್ರಾಂ ತೋರಿಸುವ ತಕ್ಕಡಿ, 100 ಡಿಗ್ರಿವರೆಗೆ ಅಳೆಯುವ ಥರ್ಮಾಮೀಟರ್, ಎರಡು ಮರದ ಕೋಲು, ಸೋಸಲು ಹಳೇ ಪಂಚೆಯ ತುಂಡು, ರಬ್ಬರ್ ಕೈಗವಸು ಇಷ್ಟಿದ್ದರೆ ಆಯಿತು. ಬಣ್ಣ ಹಿಡಿಸುವ ಪಟಿಕ, ಅಳಲೆಕಾಯಿ, ಕೆಂಪು ಕೊಡುವ ಮಂಜಿಷ್ಠದ ಬೇರು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಕಿಟಕಿ ಬಾಗಿಲು ತೆರೆದಿರುವ ಕಡೆ, ಆದಷ್ಟು ಹಿತ್ತಲಲ್ಲೇ ಒಲೆ ಹೂಡಿ.

ಯಾವ ನೂಲಿನಿಂದ ಶುರು ಮಾಡಿದರೆ ಸುಲಭ?

ಉಣ್ಣೆ ಮತ್ತು ರೇಷ್ಮೆ ಬಣ್ಣವನ್ನು ಬೇಗ ಹಿಡಿಯುತ್ತವೆ. ಹತ್ತಿಗೆ ಹೆಚ್ಚು ತಯಾರಿ ಬೇಕು. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವ ಅಗ್ಗದ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್. ಅದಕ್ಕೆ ಈ ಬಣ್ಣಗಳು ಹತ್ತುವುದೇ ಇಲ್ಲ. ಸಂಶಯವಿದ್ದರೆ ಒಂದು ಎಳೆಯನ್ನು ಸುಟ್ಟು ನೋಡಿ. ಉಣ್ಣೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಶಿರಾ, ಪಾವಗಡ ಕಡೆಯ ಕುರಿಯ ಉಣ್ಣೆ ಬಹುಪಾಲು ಕಪ್ಪು, ಕಂದು. ಅದರ ಮೇಲೆ ಹಳದಿ ಕಾಣುವುದಿಲ್ಲ. ಬಿಳಿ ಅಥವಾ ಕೆನೆ ಬಣ್ಣದ ತುಪ್ಪಟವನ್ನು ಆರಿಸಿ ನೂತದ್ದು ಸಿಕ್ಕರೆ ತೆಗೆದುಕೊಳ್ಳಿ.

ಶಿಡ್ಲಘಟ್ಟದಿಂದ ರೇಷ್ಮೆ ನೂಲು ತಂದಿದ್ದೇವೆ. ದಾರ ಬಿರುಸಾಗಿದೆ, ಹೊಳಪೇ ಇಲ್ಲ. ಹಾಗೇ ಬಣ್ಣಕ್ಕೆ ಹಾಕಬಹುದಾ?

ಬೇಡ. ರೀಲರುಗಳ ಬಳಿ ಸಿಗುವುದು ಕಚ್ಚಾ ರೇಷ್ಮೆ. ಅದರ ಮೇಲೆ ಸೆರಿಸಿನ್ ಎಂಬ ಗೋಂದು ಇರುತ್ತದೆ. ನೀವು ಹಾಕಿದ ಬಣ್ಣ ಆ ಗೋಂದಿಗೆ ಹತ್ತಿ, ಮುಂದೆ ಬಿಸಿನೀರಲ್ಲಿ ತೊಳೆದಾಗ ಅದರ ಜೊತೆಯಲ್ಲೇ ಹೋಗುತ್ತದೆ.

25 ಗ್ರಾಂ ಬಿಳಿ ಸೋಪನ್ನು ತುರಿದು 4 ಲೀಟರ್ ಮೆದು ನೀರಿನಲ್ಲಿ (ಮಳೆನೀರಿನಂಥದ್ದು) ಕರಗಿಸಿ, ಲಡಿಯನ್ನು (ಸುತ್ತಿ ಕಟ್ಟಿದ ನೂಲಿನ ಕಟ್ಟನ್ನು) ಕೋಲಿಗೆ ನೇತುಹಾಕಿ 90–95 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಇಡಿ. ಕುದಿದು ಉಕ್ಕಬಾರದು, ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಹತ್ತು ನಿಮಿಷಕ್ಕೊಮ್ಮೆ ಲಡಿಯನ್ನು ಕೋಲಿನ ಮೇಲೆ ತಿರುಗಿಸುತ್ತಿರಿ. ಬೆರಳಲ್ಲಿ ಉಜ್ಜಿದಾಗ ಜಾರಿಕೆ ಹೋಗಿ ಎಳೆ ಮೃದುವಾಯಿತೆಂದರೆ ಗೋಂದು ಬಿಟ್ಟಿದೆ. ಎರಡು ಬಾರಿ ಬಿಸಿನೀರಲ್ಲಿ, ಆಮೇಲೆ ತಣ್ಣೀರಲ್ಲಿ ಜಾಲಿಸಿ. ಇಷ್ಟಾಗುವಾಗ ತೂಕ ನೂರಕ್ಕೆ 20–25ರಷ್ಟು ಇಳಿಯುತ್ತದೆ. ಒಣಗಿಸಿ ಮತ್ತೆ ತೂಗಿ, ಪಟಿಕದ ಲೆಕ್ಕವನ್ನು ಹೊಸ ತೂಕಕ್ಕೆ ಹಾಕಿ. ಇನ್ನೊಂದು ಮಾತು: ಹುರಿ ಮಾಡದ ಎಳೆಯನ್ನು ಬೇಯಿಸಿದರೆ ಬಿಚ್ಚಿ ನಾರುನಾರಾಗುತ್ತದೆ. ಹುರಿ ಮಾಡಿದ ನೂಲನ್ನೇ ಕೇಳಿ ತನ್ನಿ.

ನಮ್ಮಲ್ಲಿರೋದು ಬೋರ್ ನೀರು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತೆ. ಅದರಲ್ಲಿ ಬಣ್ಣ ಕೂರುತ್ತಾ?

ಕೂರುತ್ತದೆ, ಆದರೆ ಎಲ್ಲ ಕೆಲಸಕ್ಕೂ ಅದು ಒಗ್ಗುವುದಿಲ್ಲ. ಗಡಸು ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ. ಆ ಜಿಡ್ಡು ನೂಲಿಗೆ ಅಂಟಿದ ಕಡೆ ಬಣ್ಣ ಹತ್ತದೆ ಮಚ್ಚೆ ಬೀಳುತ್ತದೆ. ಹಾಗಾಗಿ ನೂಲು ತೊಳೆಯಲು ಮತ್ತು ರೇಷ್ಮೆ ಬೇಯಿಸಲು ಮಳೆನೀರು, ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. 20 ಲೀಟರಿನ ಒಂದು ಕ್ಯಾನಿನಲ್ಲಿ 100 ಗ್ರಾಂ ನೂಲಿನ ತೊಳೆತ, ಪಟಿಕ, ಬಣ್ಣ ಮೂರೂ ಮುಗಿಯುತ್ತವೆ. ಕೊನೆಯ ಜಾಲಾಟಕ್ಕೆ ಬೋರ್ ನೀರು ಸಾಕು. ಮಂಜಿಷ್ಠಕ್ಕಂತೂ ಗಡಸು ನೀರೇ ಒಳ್ಳೆಯದು.

ಲಡಿ ಗೋಜಲಾಗದ ಹಾಗೆ ಏನು ಮಾಡಬೇಕು?

ಉಂಡೆಯಾಗಿದ್ದರೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಹತ್ತಿ ದಾರವನ್ನು ಎಂಟರ ಆಕಾರದಲ್ಲಿ ಹಾಯಿಸಿ ಸಡಿಲವಾಗಿ ಕಟ್ಟಿ, ಒಂದು ಬೆರಳು ತೂರುವಷ್ಟು ಜಾಗ ಇರಲಿ. ಬಿಗಿದು ಕಟ್ಟಿದರೆ ಆ ಜಾಗ ಬಿಳಿಯಾಗೇ ಉಳಿಯುತ್ತದೆ.

## ತೊಳೆಯುವುದು, ಪಟಿಕ ಹಿಡಿಸುವುದು

ಬಣ್ಣ ಹಾಕಿದ ದಿನ ಚೆನ್ನಾಗಿತ್ತು, ಒಂದೇ ಒಗೆತಕ್ಕೆ ಎಲ್ಲಾ ಹೋಯ್ತು. ಯಾಕೆ?

ಕಾರಣ ಬಹುತೇಕ ಸಲ ಬಣ್ಣದ ನೀರಿನಲ್ಲಿ ಇರುವುದಿಲ್ಲ, ಅದಕ್ಕೆ ಮುಂಚಿನ ಕೆಲಸದಲ್ಲಿ ಇರುತ್ತದೆ. ನೂಲಿನಲ್ಲಿ ಎಣ್ಣೆ, ಮೇಣ, ಗಂಜಿ ಉಳಿದಿದ್ದರೆ ಬಣ್ಣ ಮೇಲಷ್ಟೇ ಕೂರುತ್ತದೆ. ಪಟಿಕ ಹಾಕದಿದ್ದರೆ ಅಥವಾ ಅಂದಾಜಿನ ಮೇಲೆ ಚಿಟಿಕೆ ಹಾಕಿದ್ದರೆ ಬಣ್ಣಕ್ಕೂ ನಾರಿಗೂ ಬೆಸುಗೆ ಆಗುವುದಿಲ್ಲ. ಪಟಿಕದಲ್ಲಿರುವ ಅಲ್ಯೂಮಿನಿಯಂ ಒಂದು ಕಡೆ ನಾರನ್ನೂ ಇನ್ನೊಂದು ಕಡೆ ಬಣ್ಣದ ಕಣವನ್ನೂ ಹಿಡಿದುಕೊಳ್ಳುತ್ತದೆ. ಬಣ್ಣ ನಿಲ್ಲುವುದು ಆ ಹಿಡಿತದಿಂದ.

ಉಣ್ಣೆಯಾದರೆ ಅಂಟುವಾಳದ ನೀರು ಅಥವಾ ಶಾಂಪೂ ಹಾಕಿದ 50 ಡಿಗ್ರಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಅದೇ ಬಿಸಿಯ ನೀರಲ್ಲಿ ಜಾಲಿಸಿ. ಕುರಿಯಿಂದ ನೇರ ಬಂದದ್ದಾದರೆ ಜಿಡ್ಡು ಹೋಗುವವರೆಗೆ ಎರಡು ಮೂರು ಸಲ ಬೇಕಾಗಬಹುದು. ತೊಳೆದ ನೂಲನ್ನು ನೀರಿನ ಮೇಲೆ ಬಿಟ್ಟು ನೋಡಿ: ತಾನಾಗಿ ಮುಳುಗಿದರೆ ಶುದ್ಧ, ತೇಲಿದರೆ ಇನ್ನೂ ಜಿಡ್ಡಿದೆ.

ಉಣ್ಣೆ, ರೇಷ್ಮೆಗೆ ಪಟಿಕ ಎಷ್ಟು, ಹೇಗೆ?

12 ಗ್ರಾಂ. 15 ದಾಟಿದರೆ ಉಣ್ಣೆ ಅಂಟಂಟಾಗುತ್ತದೆ, ಬಣ್ಣವೇನೂ ಹೆಚ್ಚುವುದಿಲ್ಲ. ಪಟಿಕ ಕುಟ್ಟಿ ಒಂದು ಲೋಟ ಬಿಸಿನೀರಲ್ಲಿ ಪೂರಾ ಕರಗಿಸಿ 4 ಲೀಟರ್ ನೀರಿಗೆ ಸೇರಿಸಿ. ಮುಂಚೆಯೇ ನೆನೆಸಿದ ನೂಲನ್ನು ಹಾಕಿ. ಉಣ್ಣೆಯನ್ನು ಮುಕ್ಕಾಲು ಗಂಟೆಯಲ್ಲಿ ನಿಧಾನವಾಗಿ 80–85 ಡಿಗ್ರಿಗೆ ಏರಿಸಿ, ಒಂದು ಗಂಟೆ ಅಲ್ಲೇ ಹಿಡಿದು, ಅದೇ ನೀರಲ್ಲಿ ಆರಲು ಬಿಡಿ. ರೇಷ್ಮೆಗೆ ಒಲೆ ಬೇಡ. ಬೆಚ್ಚಗಿನ ಪಟಿಕದ ನೀರಲ್ಲಿ ರಾತ್ರಿಯಿಡೀ ನೆನೆದರೆ ಸಾಕು, ಹೊಳಪೂ ಉಳಿಯುತ್ತದೆ.

ಹತ್ತಿ ನೂಲಿಗೆ ಪಟಿಕ ಹಾಕಿದರೂ ಬಣ್ಣ ಪೇಲವ. ಏನು ತಪ್ಪಾಗಿದೆ?

ಪಟಿಕ ಹತ್ತಿಗೆ ನೇರವಾಗಿ ಹಿಡಿಯುವುದು ತೀರಾ ಕಡಿಮೆ. ನಡುವೆ ಚೊಗರಿನ ಅಂಶ, ಅಂದರೆ ಟ್ಯಾನಿನ್, ಬೇಕು. ನಮ್ಮ ದೇಶದ ಬಣ್ಣಗಾರರು ತಲೆಮಾರುಗಳಿಂದ ಅಳಲೆಕಾಯಿ ಬಳಸಿರುವುದು ಇದಕ್ಕೇ. ಕೆಲಸ ಮೂರು ಹಂತದ್ದು, ಒಂದನ್ನೂ ಬಿಡುವಂತಿಲ್ಲ.

ಮೊದಲು ಕುದಿಸುವುದು. 5 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ 4 ಲೀಟರ್ ನೀರಲ್ಲಿ ಒಂದೂವರೆ ಗಂಟೆ ಕುದಿಸಿ. ಬೆಳ್ಳಗೆ ಕಂಡ ನೂಲಿನಿಂದಲೂ ಚಹಾ ಬಣ್ಣದ ನೀರು ಬಿಡುತ್ತದೆ. ಅದು ಹತ್ತಿಯ ಮೇಣ. ನೀರು ತೀರಾ ಕಂದಾಗಿದ್ದರೆ ಹೊಸ ನೀರಲ್ಲಿ ಇನ್ನೊಮ್ಮೆ ಕುದಿಸಿ. ಉಣ್ಣೆ, ರೇಷ್ಮೆಗೆ ಮಾತ್ರ ಈ ವಾಷಿಂಗ್ ಸೋಡಾ ಮುಟ್ಟಿಸಬೇಡಿ, ನಾರು ಹಾಳಾಗುತ್ತದೆ.

ಎರಡನೆಯದು ಅಳಲೆ. ಬೀಜ ತೆಗೆದ ಅಳಲೆಕಾಯಿ ಸಿಪ್ಪೆಯ ಪುಡಿ 20 ಗ್ರಾಂ ಅನ್ನು ಬಿಸಿನೀರಲ್ಲಿ ಕದಡಿ ಸೋಸಿ, ಕೈ ತಡೆಯುವಷ್ಟು ಬಿಸಿಯ 4 ಲೀಟರ್ ನೀರಿಗೆ ಸೇರಿಸಿ ನೂಲು ಅದ್ದಿ ರಾತ್ರಿ ಬಿಡಿ. ಬೆಳಗ್ಗೆ ಹಿಂಡಿ ನೆರಳಲ್ಲಿ ಒಣಗಿಸಿ, ಜಾಲಿಸಬೇಡಿ. ನೂಲು ತಿಳಿ ಬೆಣ್ಣೆ ಬಣ್ಣಕ್ಕೆ ತಿರುಗಿರುತ್ತದೆ. ಈ ಹಂತದಲ್ಲಿ ಕಬ್ಬಿಣದ ಬಕೆಟ್ ಹಿಡಿಕೆ, ತುಕ್ಕು ಹಿಡಿದ ತಂತಿ ತಗುಲಿದರೆ ಕ್ಷಣದಲ್ಲಿ ಕರಿ ಕಲೆಯಾಗುತ್ತದೆ, ಹೋಗುವುದಿಲ್ಲ.

ಮೂರನೆಯದು ಪಟಿಕ. 20 ಗ್ರಾಂ ಪಟಿಕ ಕರಗಿಸಿದ ನೀರಿಗೆ, ಬೇರೆ ಲೋಟದಲ್ಲಿ ಕರಗಿಸಿದ 2.5 ಗ್ರಾಂ ವಾಷಿಂಗ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇರಲಿ. ನೊರೆ ಇಳಿದ ಮೇಲೆ ನೂಲು ಅದ್ದಿ ಮತ್ತೊಂದು ರಾತ್ರಿ ಬಿಡಿ. ಆಮೇಲೆ ಒಮ್ಮೆ ಮೆತ್ತಗೆ ಜಾಲಿಸಿ ಬಣ್ಣಕ್ಕೆ ಹಾಕಿ.

ಉಪ್ಪು, ವಿನಿಗರ್ ಹಾಕಿದರೆ ಬಣ್ಣ ನಿಲ್ಲುತ್ತೆ ಅಂತಾರೆ?

ನಿಲ್ಲುವುದಿಲ್ಲ. ಅವು ಪಟಿಕದ ಜಾಗ ತುಂಬುವುದಿಲ್ಲ. ವಿನಿಗರ್ ಕೆಲವು ಬಣ್ಣಗಳ ಛಾಯೆ ಬದಲಿಸುತ್ತದೆ, ಅಷ್ಟೇ.

ಅನ್ನಭೇದಿ, ಮೈಲುತುತ್ತ ಹಾಕಬಹುದಾ?

ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್. ಹಳದಿಯನ್ನು ಪಾಚಿ ಹಸಿರಿಗೂ, ಕಂದನ್ನು ಬೂದಿ ಕಪ್ಪಿಗೂ ತಿರುಗಿಸುತ್ತದೆ. 1–2 ಗ್ರಾಂ ಸಾಕು. ಬಣ್ಣ ಹಾಕಿ ಮುಗಿದ ಮೇಲೆ, ಬೇರೆ ಪಾತ್ರೆಯ ಬೆಚ್ಚಗಿನ ನೀರಲ್ಲಿ ಕರಗಿಸಿ ನೂಲನ್ನು 5–10 ನಿಮಿಷ ಆಡಿಸಿ, ಬೇಕಾದ ಛಾಯೆ ಬಂದ ತಕ್ಷಣ ತೆಗೆದು ಚೆನ್ನಾಗಿ ಜಾಲಿಸಿ. ಹೆಚ್ಚಾದರೆ ಉಣ್ಣೆ ಒರಟಾಗುತ್ತದೆ, ರೇಷ್ಮೆ ಕೆಲವು ವರ್ಷಕ್ಕೆ ಪಿಸಿಯುತ್ತದೆ. ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಡಬ್ಬಿಗೆ ಹೆಸರು ಬರೆದು ಕೈಗೆಟುಕದ ಕಡೆ ಇಡಿ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತಂದದ್ದು ಮನೆಯಲ್ಲಿರಬಹುದು. ಆದರೆ ಅದರ ನೀರನ್ನು ಎಲ್ಲಿ ಚೆಲ್ಲಿದರೂ ಮಣ್ಣಿಗೆ, ಮೀನಿಗೆ ವಿಷ. ಪಟಿಕ, ಅನ್ನಭೇದಿ ಎರಡರಲ್ಲೇ ಸಾಕಷ್ಟು ಬಣ್ಣ ಸಿಗುವಾಗ ಅದು ಬೇಡವೆಂದೇ ನಮ್ಮ ಅಭಿಪ್ರಾಯ. ಕ್ರೋಮ್ (ಕ್ರೋಮಿಯಂ ಲೋಹದ ಉಪ್ಪು) ಮಾತ್ರ ಯಾವ ಕಾರಣಕ್ಕೂ ಮನೆಗೆ ತರಬೇಡಿ.

## ನಮ್ಮ ಸೀಮೆಯ ಬಣ್ಣಗಳು

ಮಾರ್ಕೆಟ್‌ನಲ್ಲಿ ರೇಟ್ ಬಿದ್ದಾಗ ಚೆಂಡು ಹೂ ಸುರಿದು ಹೋಗ್ತಾರೆ. ಅದು ಬರುತ್ತಾ?

ಧಾರಾಳವಾಗಿ. ಹೊಸಬರು ಮೊದಲು ಹಿಡಿಯಬೇಕಾದ ಬಣ್ಣ ಇದೇ. ಕೊಳೆತದ್ದು ಬಿಟ್ಟು ಎಸಳು ಬಿಡಿಸಿ. ಹಸಿ ಎಸಳು 250–300 ಗ್ರಾಂ, ಒಣಗಿದ್ದಾದರೆ 60–80 ಗ್ರಾಂ. ತೊಟ್ಟು, ಹಸಿರು ಬುಡ ಸೇರಿದರೆ ಹಳದಿ ಮಂಕಾಗುತ್ತದೆ. 80 ಡಿಗ್ರಿ ದಾಟದಂತೆ ಮುಕ್ಕಾಲು ಗಂಟೆ ಕಾಯಿಸಿ ಸೋಸಿ, ಪಟಿಕ ಹಿಡಿದ ನೂಲನ್ನು ಅದೇ ಬಿಸಿಯಲ್ಲಿ ಇನ್ನೊಂದು ಮುಕ್ಕಾಲು ಗಂಟೆ ಇಡಿ. ಕುದಿಸಿದರೆ ಹೊಂಬಣ್ಣ ಹೋಗಿ ಕಂದು ಬರುತ್ತದೆ. ಪೂಜೆಯ ಹಾರದ ಹೂವಾದರೆ ದಾರ, ಜರಿ, ಕುಂಕುಮ ತೆಗೆದೇ ಬಳಸಿ.

ಅಡಿಕೆ ಬೇಯಿಸಿದ ಚೊಗರಿನಿಂದ ಬಣ್ಣ ಹಾಕೋದು ಹೇಗೆ?

ಗುಬ್ಬಿ, ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆಯವರಿಗೆ ಇದಕ್ಕಿಂತ ಹತ್ತಿರದ ಬಣ್ಣ ಇನ್ನೊಂದಿಲ್ಲ. ಕೆಂಪಡಿಕೆ ಮಾಡುವಾಗ ಒಂದೇ ನೀರಲ್ಲಿ ಮತ್ತೆ ಮತ್ತೆ ಅಡಿಕೆ ಬೇಯಿಸುತ್ತಾರಲ್ಲ, ಆ ನೀರು ಕೊನೆಗೆ ಕಾಕಂಬಿಯಷ್ಟು ಮಂದವಾಗುತ್ತದೆ. ಅದರಲ್ಲಿ ಟ್ಯಾನಿನ್ ತುಂಬಿರುವುದರಿಂದ ಹತ್ತಿಗೆ ಅಳಲೆಕಾಯಿಯ ಹಂತವೇ ಬೇಕಿಲ್ಲ. ಸೋಡಾದಲ್ಲಿ ಕುದಿಸಿದ ನೂಲನ್ನು ನೇರವಾಗಿ ಅದ್ದಬಹುದು.

ಮಂದ ಚೊಗರು 200 ಮಿಲಿಯನ್ನು 4 ಲೀಟರ್ ಬಿಸಿನೀರಲ್ಲಿ ಬೆರೆಸಿ, ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಕೂರುವ ಗಸಿ ನೂಲಿಗೆ ಮೆತ್ತಿದರೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ, ಮಚ್ಚೆ ಉಳಿಯುತ್ತದೆ. ಇನ್ನೂ ತೆಳು ನೀರಾದರೆ ಒಂದೂವರೆ ಲೀಟರ್ ಬೇಕು. ನೂಲು ಹಾಕಿ 80–85 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಅದರಲ್ಲೇ ಆರಲು ಬಿಡಿ. ಹತ್ತಿಗೆ ಪಟಿಕವನ್ನು ಇದಾದ ಮೇಲೆ ಹಾಕಿ ಮತ್ತೆ ಅದೇ ಚೊಗರಿಗೆ ಅದ್ದಿದರೆ ಬಣ್ಣ ಗಾಢವಾಗುತ್ತದೆ.

ಪಟಿಕದ ಜೊತೆ ಕೆಂಪು ಮಿಶ್ರಿತ ಕಂದು ಬರುತ್ತದೆ. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದು ಯಾವ ಕಾರಣಕ್ಕೋ, ಇಲ್ಲಿಯೂ ಅದೇ ನಡೆಯುತ್ತದೆ: ಬಣ್ಣ ಹಾಕಿದ ಹತ್ತಿ ನೂಲನ್ನು ತಿಳಿ ಸುಣ್ಣದ ನೀರಲ್ಲಿ 5 ನಿಮಿಷ ಅದ್ದಿದರೆ ಕೆಂಪು ಏರುತ್ತದೆ. ರೇಷ್ಮೆ, ಉಣ್ಣೆಗೆ ಸುಣ್ಣ ಬೇಡ, 4 ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಸಾಕು. 1 ಗ್ರಾಂ ಅನ್ನಭೇದಿ ಹಾಕಿದರೆ ಬೂದಿಗಪ್ಪು. ಉಳಿದ ಚೊಗರನ್ನು ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಗಲ ತಟ್ಟೆಯಲ್ಲಿ ಬಿಸಿಲಿಗಿಟ್ಟು ಗಟ್ಟಿ ಮಾಡಿಕೊಂಡರೆ ಬೇಕೆಂದಾಗ ಬಿಸಿನೀರಲ್ಲಿ ಕರಗಿಸಬಹುದು. ಕೈಗೂ ಬಟ್ಟೆಗೂ ಹತ್ತಿದ ಚೊಗರಿನ ಕಲೆ ಬೇಗ ಬಿಡುವುದಿಲ್ಲ, ಹಳೇ ಬಟ್ಟೆ ಉಟ್ಟು ಕೂರಿ.

ಈರುಳ್ಳಿ ಸಿಪ್ಪೆ, ದಾಳಿಂಬೆ ಸಿಪ್ಪೆ ಕೂಡಿಟ್ಟಿದ್ದೇವೆ. ಎಷ್ಟು ಬೇಕು?

ಈರುಳ್ಳಿಯ ಒಣ ಸಿಪ್ಪೆ 50 ಗ್ರಾಂ. ಪಟಿಕದ ಉಣ್ಣೆಗೆ ಕಿತ್ತಳೆ ಕಂದು ಬರುತ್ತದೆ. ಬಿಸಿಲಿಗೆ ನಿಧಾನವಾಗಿ ಮಾಸುತ್ತದೆ. ದಾಳಿಂಬೆಯ ಒಣ ಸಿಪ್ಪೆ 40 ಗ್ರಾಂ, ಕುಟ್ಟಿ ರಾತ್ರಿ ನೆನೆಸಿ ಒಂದು ಗಂಟೆ ಕುದಿಸಿ. ಹಣ್ಣು ಎಷ್ಟೇ ಕೆಂಪಿರಲಿ, ನೂಲಿಗೆ ಬರುವುದು ಸಾಸಿವೆ ಹಳದಿ. ಅನ್ನಭೇದಿಯಲ್ಲಿ ಅದ್ದಿದರೆ ಹಸಿರು ಛಾಯೆಯ ಬೂದು. ಇದರಲ್ಲೂ ಟ್ಯಾನಿನ್ ಇರುವುದರಿಂದ ಹತ್ತಿಗೆ ಚೆನ್ನಾಗಿ ಹಿಡಿಯುತ್ತದೆ.

ಮರಗೆಲಸದವರ ಹತ್ತಿರ ಹಲಸಿನ ಮರದ ಪುಡಿ ಸಿಗುತ್ತೆ. ಉಪಯೋಗ ಇದೆಯಾ?

ಹಲಸಿನ ಚೇಗಿನ ಪುಡಿ ಬಹಳ ಒಳ್ಳೆಯ ಹಳದಿ. ಬೌದ್ಧ ಭಿಕ್ಷುಗಳ ಚೀವರಕ್ಕೆ ಹಿಂದಿನಿಂದ ಬಳಸಿದ ಬಣ್ಣವಿದು. ಮರದ ಹೊರಗಿನ ಬಿಳಿ ಭಾಗದಲ್ಲಿ ಬಣ್ಣವಿಲ್ಲ, ಹಳದಿಯಾಗಿರುವ ಒಳಗಟ್ಟಿಯ ಪುಡಿಯನ್ನೇ ಕೇಳಿ. ಬೇರೆ ಮರದ ಪುಡಿ ಬೆರೆತಿರಬಾರದು. 100 ಗ್ರಾಂ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಸಿ ಒಂದು ಗಂಟೆ ಕುದಿಸಿ.

ಕೋಲಾರದ ಕಡೆ ನೀಲಗಿರಿ ತೋಪು ಬೇಕಾದಷ್ಟಿದೆ. ಎಲೆಯಿಂದ ಬಣ್ಣ ಬರುತ್ತಾ?

ಉಣ್ಣೆಗೆ ಬರುತ್ತದೆ, ಪಟಿಕವೂ ಬೇಕಿಲ್ಲ. 200 ಗ್ರಾಂ ಎಲೆ ಹರಿದು ಎರಡು ಗಂಟೆ ಕುದಿಸಿ. ನೀಲಗಿರಿಯ ಜಾತಿಯ ಮೇಲೆ ಬಣ್ಣ ನಿಂತಿದೆ. ಒಂದು ಮರದಲ್ಲಿ ತಿಳಿ ಕಂದು, ಇನ್ನೊಂದರಲ್ಲಿ ತುಕ್ಕಿನ ಕೆಂಪು. 5 ಗ್ರಾಂ ನೂಲಲ್ಲಿ ನೋಡಿ ಆಮೇಲೆ ಮುಂದುವರಿಯಿರಿ. ಹತ್ತಿಗೆ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ.

ನಿಜವಾದ ಕೆಂಪು ಯಾವುದರಿಂದ?

ಮಂಜಿಷ್ಠದ ಬೇರಿನಿಂದ. ಪುಡಿ 80–100 ಗ್ರಾಂ, ಬಟ್ಟೆಯಲ್ಲಿ ಸಡಿಲ ಗಂಟು ಕಟ್ಟಿ ರಾತ್ರಿ ನೆನೆಸಿ. ನೂಲನ್ನೂ ಅದರಲ್ಲೇ ಹಾಕಿ ಒಂದು ಗಂಟೆಯಲ್ಲಿ 65–70 ಡಿಗ್ರಿಗೆ ಏರಿಸಿ, ಮತ್ತೊಂದು ಗಂಟೆ ಹಿಡಿದು, ರಾತ್ರಿ ಹಾಗೇ ಬಿಡಿ. ಹೆಚ್ಚು ಕಾಯಿಸಿದರೆ ಕಂದು ಸೇರಿಕೊಳ್ಳುತ್ತದೆ. ಮಳೆನೀರಲ್ಲಿ ಮಾಡಿದ್ದು ಕಿತ್ತಳೆಗೆ ವಾಲುತ್ತದೆ. ಕ್ಯಾಲ್ಸಿಯಂ ಇರುವ ಬೋರ್ ನೀರಲ್ಲಿ ಕೆಂಪು ತುಂಬಿ ಬರುತ್ತದೆ.

ಪತಂಗ ಎಂಬ ಮರದ ಚೆಕ್ಕೆ ಇನ್ನೂ ಥಳಥಳಿಸುವ ಕೆಂಪು ಕೊಡುತ್ತದೆ, ಆದರೆ ಬಿಸಿಲಿಗೆ ನಿಲ್ಲುವುದಿಲ್ಲ. ಹುಳಿ ತಗುಲಿದರೆ ಹಳದಿಗೂ, ಸೋಪು ತಗುಲಿದರೆ ನೇರಳೆಗೂ ತಿರುಗುತ್ತದೆ. ದಿನಾ ಉಡುವ ಬಟ್ಟೆಗೆ ಬೇಡ.

ಬೀಟ್‌ರೂಟ್, ದಾಸವಾಳ, ಅರಿಶಿನ?

ಬೀಟ್‌ರೂಟ್ ಬಿಸಿಗೇ ಹಾಳಾಗುತ್ತದೆ. ದಾಸವಾಳ ಬೂದುಬಣ್ಣಕ್ಕೆ ಇಳಿಯುತ್ತದೆ. ಅರಿಶಿನ ಎಲ್ಲಕ್ಕೂ ಹತ್ತುತ್ತದೆ, ಬಿಸಿಲಲ್ಲಿ ಕೆಲವೇ ದಿನಕ್ಕೆ ಹೋಗುತ್ತದೆ. ಒಳ್ಳೆಯ ನೂಲನ್ನು ಇವಕ್ಕೆ ಹಾಕಬೇಡಿ.

## ಕೈ ಪಳಗಿದ ಮೇಲೆ

ನೀಲಿ ಬಣ್ಣ ಮನೆಯಲ್ಲಿ ಆಗುತ್ತಾ? ಬೆಲ್ಲ ಹಾಕ್ತಾರಂತೆ?

ಆಗುತ್ತದೆ, ಆದರೆ ವಿಧಾನ ಪೂರಾ ಬೇರೆ. ನೀಲಿಪುಡಿ, ಅಂದರೆ ಇಂಡಿಗೊ, ನೀರಲ್ಲಿ ಕರಗುವುದಿಲ್ಲ. ಕ್ಷಾರವಿರುವ ನೀರಲ್ಲಿ ಅದರ ಆಮ್ಲಜನಕದ ಬಂಧ ಬಿಡಿಸಿದಾಗ ಮಾತ್ರ ಕರಗಿ ನಾರಿನೊಳಗೆ ಹೋಗುತ್ತದೆ, ಗಾಳಿಗೆ ಬಂದ ಕೂಡಲೇ ಮತ್ತೆ ನೀಲಿಯಾಗಿ ಅಲ್ಲೇ ಉಳಿಯುತ್ತದೆ. ಸುಣ್ಣ ಕ್ಷಾರಕ್ಕೆ, ಬೆಲ್ಲ ಬಂಧ ಬಿಡಿಸುವುದಕ್ಕೆ. ಪಟಿಕ ಬೇಡವೇ ಬೇಡ.

ಗಿಡದಿಂದ ತೆಗೆದ ನೀಲಿಪುಡಿ 10 ಗ್ರಾಂ, ನೀರೂರಿದ ಸುಣ್ಣದ ಪುಡಿ 20 ಗ್ರಾಂ, ಬೆಲ್ಲ 40 ಗ್ರಾಂ, ನೀರು 4 ಲೀಟರ್. ಸುಟ್ಟ ಸುಣ್ಣದ ಕಲ್ಲನ್ನು ನೇರವಾಗಿ ಹಾಕಬೇಡಿ, ಕುದಿದು ಸಿಡಿಯುತ್ತದೆ. ನೀಲಿಪುಡಿಯನ್ನು ಬಿಸಿನೀರಲ್ಲಿ ನುಣ್ಣಗೆ ಅರೆಯಿರಿ. ಗಂಟು ಉಳಿದರೆ ಅಷ್ಟೂ ತಳ ಸೇರಿ ವ್ಯರ್ಥ. 50 ಡಿಗ್ರಿ ನೀರಿಗೆ ಮೊದಲು ಬೆಲ್ಲ, ಆಮೇಲೆ ನೀಲಿ, ಕೊನೆಗೆ ಸುಣ್ಣವನ್ನು ಉದುರಿಸುತ್ತ ಗಾಳಿ ಸೇರದಂತೆ ಮೆತ್ತಗೆ ತಿರುವಿ ಮುಚ್ಚಿಡಿ. ಬೆಚ್ಚಗೆ ಇಟ್ಟರೆ ಕೆಲವು ಗಂಟೆಯಿಂದ ಒಂದು ದಿನದೊಳಗೆ ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ನೀಲಿ ನೊರೆ ಕಾಣುತ್ತದೆ. ಕೆನೆ ಸರಿಸಿದರೆ ಕೆಳಗಿನ ನೀರು ಹಳದಿ ಹಸಿರಾಗಿರಬೇಕು. ನೀಲಿಯೇ ಇದ್ದರೆ ಇನ್ನೂ ಹದ ಬಂದಿಲ್ಲ: ನೀರು ಬೆಚ್ಚಗೆ ಮಾಡಿ 10 ಗ್ರಾಂ ಬೆಲ್ಲ ಸೇರಿಸಿ ಕಾಯಿರಿ. ಕ್ಷಾರ ಅಳೆಯುವ ಪಿಎಚ್ ಪಟ್ಟಿಯಲ್ಲಿ 10ಕ್ಕಿಂತ ಕೆಳಗಿಳಿದಿದ್ದರೆ ಒಂದು ಚಮಚ ಸುಣ್ಣ.

ಒದ್ದೆ ನೂಲನ್ನು ತಳದ ಗಸಿ ಮುಟ್ಟದಂತೆ 5 ನಿಮಿಷ ಅದ್ದಿ, ನೀರೊಳಗೇ ಹಿಂಡಿ ಹೊರತೆಗೆದು 15 ನಿಮಿಷ ಗಾಳಿಗೆ ಹಿಡಿಯಿರಿ. ಹಸಿರು ಕಣ್ಣೆದುರೇ ನೀಲಿಯಾಗುತ್ತದೆ. ಗಾಢ ಬಣ್ಣಕ್ಕೆ ಚಿಕ್ಕ ಚಿಕ್ಕದಾಗಿ ನಾಲ್ಕಾರು ಸಲ ಅದ್ದಿ. ಒಂದೇ ಸಲ ಹೆಚ್ಚು ಹೊತ್ತು ಬಿಟ್ಟದ್ದು ಕೈಗೆ ಉಜ್ಜಿ ಬರುತ್ತದೆ. ಕೊನೆಗೆ ತಿಳಿ ವಿನಿಗರ್ ನೀರಲ್ಲಿ ಅದ್ದಿ ಸೋಪಿನಲ್ಲಿ ತೊಳೆಯಿರಿ. ಈ ತೊಟ್ಟಿ ಹತ್ತಿಗೆ ಸರಿ, ರೇಷ್ಮೆಗೆ ಚಿಕ್ಕ ಅದ್ದು ಸಾಕು, ಉಣ್ಣೆ ಇಷ್ಟು ಕ್ಷಾರ ತಡೆಯುವುದಿಲ್ಲ.

ಹಸಿರು ಬೇಕಾದರೆ ಮೊದಲು ನೀಲಿಯೋ ಹಳದಿಯೋ?

ಮೊದಲು ನೀಲಿ. ಚೆನ್ನಾಗಿ ತೊಳೆದ ಮೇಲೆ ಪಟಿಕ, ಆಮೇಲೆ ಚೆಂಡು ಹೂ ಅಥವಾ ಹಲಸಿನ ಹಳದಿ. ತಿರುಗುಮುರುಗು ಮಾಡಿದರೆ ಸುಣ್ಣದ ನೀರು ಹಳದಿಯನ್ನು ಕೆಡಿಸುತ್ತದೆ.

ಪಟ್ಟೆ ಪಟ್ಟೆ ಬಂದಿದೆ, ಉಣ್ಣೆ ಗಂಟುಗಟ್ಟಿದೆ. ಸರಿ ಮಾಡಬಹುದಾ?

ಪಟ್ಟೆಗೆ ಕಾರಣ ಒಣ ನೂಲು ಹಾಕಿದ್ದು, ಪಾತ್ರೆ ಚಿಕ್ಕದಾದದ್ದು, ಇಲ್ಲವೇ ಬಿಸಿ ಬೇಗ ಏರಿದ್ದು. ಮತ್ತೆ ಪಟಿಕ ಹಿಡಿಸಿ ಇನ್ನೂ ಗಾಢ ಬಣ್ಣದಲ್ಲಿ ಅದ್ದಿದರೆ ಬಹುಪಾಲು ಮುಚ್ಚಿಹೋಗುತ್ತದೆ. ಉಣ್ಣೆ ಗಂಟುಗಟ್ಟಿದರೆ ದಾರಿಯಿಲ್ಲ. ಬಿಸಿಯಿಂದ ತಟ್ಟನೆ ತಣ್ಣೀರಿಗೆ ಹಾಕಿದಾಗ, ಬಿಸಿಯಲ್ಲಿ ಉಜ್ಜಿದಾಗ ಎಳೆಗಳ ಪೊರೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಾಗಾಗದಿರಲು ಪಾತ್ರೆಯಲ್ಲೇ ಆರಲು ಬಿಡುವುದೊಂದೇ ಉಪಾಯ.

ಬಣ್ಣ ನಿಲ್ಲುತ್ತೋ ಇಲ್ಲವೋ, ಮೊದಲೇ ತಿಳಿಯೋದು ಹೇಗೆ?

ರಟ್ಟಿನ ತುಂಡಿಗೆ ನೂಲು ಸುತ್ತಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ಕಾಗದ ತೆಗೆದಾಗ ಗೆರೆ ಎದ್ದು ಕಂಡರೆ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಒಗೆತಕ್ಕಾದರೆ ಬಿಳಿ ಹತ್ತಿ ದಾರದ ಜೊತೆ ಹೆಣೆದು ಸೋಪಿನ ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಇಡಿ, ಬಿಳಿ ದಾರಕ್ಕೆ ಎಷ್ಟು ಹತ್ತಿತೆಂದು ನೋಡಿ.

ಅದೇ ಬಣ್ಣ ಇನ್ನೊಂದು ಸಲ ಬರಲಿಲ್ಲ. ಸ್ವೆಟರಿಗೆ ನೂಲು ಸಾಲದು, ಏನು ಮಾಡೋದು?

ಹೂವಿನ ಕಾಲ, ಮಣ್ಣು, ನೀರು ಬದಲಾದರೆ ಛಾಯೆಯೂ ಬದಲಾಗುತ್ತದೆ. ಒಂದು ಉಡುಪಿಗೆ ಬೇಕಾದಷ್ಟನ್ನೂ ಒಂದೇ ಪಾತ್ರೆಯಲ್ಲಿ ಹಾಕಿ. ಆಗಲೇ ಕಡಿಮೆಯಾಗಿದ್ದರೆ ಎರಡು ಲಡಿಯನ್ನೂ ಇಟ್ಟುಕೊಂಡು ಒಂದು ಸಾಲು ಹಳೆಯದರಲ್ಲಿ, ಒಂದು ಸಾಲು ಹೊಸದರಲ್ಲಿ ಹೆಣೆಯುತ್ತ ಹೋಗಿ, ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಲಡಿಗೂ ಚೀಟಿ ಕಟ್ಟಿ: ನೂಲಿನ ತೂಕ, ಪಟಿಕ, ಗಿಡದ ತೂಕ, ಯಾವ ನೀರು, ಎಷ್ಟು ಡಿಗ್ರಿ, ಎಷ್ಟು ಹೊತ್ತು, ತಾರೀಕು.

ಉಳಿದ ನೀರು ಎಲ್ಲಿ ಚೆಲ್ಲಬೇಕು?

ಪಟಿಕದ ನೀರನ್ನು ಚೆಲ್ಲುವ ಮುಂಚೆ ಅರ್ಧದಷ್ಟು ಪಟಿಕ ಸೇರಿಸಿ ಇನ್ನೊಂದು ಲಡಿಗೆ ಬಳಸಿ. ಆಮೇಲೆ ಹತ್ತು ಪಟ್ಟು ನೀರು ಬೆರೆಸಿ, ಒಂದೇ ಕಡೆ ಬೀಳದಂತೆ ಬಯಲು ಮಣ್ಣಿಗೆ ಹರಡಿ ಸುರಿಯಿರಿ. ತರಕಾರಿ ಪಾತಿಗೆ, ಬಾವಿ, ಕೆರೆಗೆ ಬೇಡ. ನೀಲಿ ತೊಟ್ಟಿಯ ನೀರಿಗೆ ಮೊದಲು ವಿನಿಗರ್ ಹಾಕಿ ಕ್ಷಾರ ಇಳಿಸಿ. ಬೆಂದ ಹೂವು, ಸಿಪ್ಪೆ, ಚೆಕ್ಕೆ ಎಲ್ಲ ತಿಪ್ಪೆಗೆ ಹಾಕಬಹುದು, ಅನ್ನಭೇದಿ ಬೆರೆಯದಿದ್ದರೆ.